ಮಂಗಳೂರಿಗೆ ಬಾರದ ಎಣ್ಣೆ: ಇರಾನ್, ಯುರೇನಿಯಂ ಮತ್ತು ಮಾತುಕತೆಯ ಮೇಜು

ಮಂಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. 2025ರ ಕೊನೆಯವರೆಗಿನ ಬೆಳವಣಿಗೆಗಳನ್ನಷ್ಟೇ ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಸ್ನೇಹಿತರೇ,

2013ರ ಏಪ್ರಿಲ್‌ನಲ್ಲಿ ನಿಮ್ಮ ಊರಿನ ತೈಲ ರಿಫೈನರಿ ಎಂಆರ್‌ಪಿಎಲ್ ಇರಾನಿನಿಂದ ಕಚ್ಚಾ ತೈಲ ತರಿಸುವುದನ್ನು ನಿಲ್ಲಿಸಿತು. ಆಗ ಇರಾನಿನ ಎಣ್ಣೆಗೆ ಭಾರತದಲ್ಲಿದ್ದ ದೊಡ್ಡ ಗಿರಾಕಿಗಳಲ್ಲಿ ಅದೂ ಒಂದು. ಇರಾನಿನಲ್ಲಿ ಎಣ್ಣೆ ಖಾಲಿಯಾಗಿರಲಿಲ್ಲ. ಕೊಡುವುದಿಲ್ಲ ಎಂದು ಅವರು ಹೇಳಿರಲೂ ಇಲ್ಲ. ತೊಡಕು ಬಂದಿದ್ದು ವಿಮೆಯಿಂದ. ನಮ್ಮ ವಿಮಾ ಕಂಪನಿಗಳು ರಿಫೈನರಿಗಳಿಗೆ ವಿಮೆ ಕೊಡುತ್ತವೆ. ಆದರೆ ಅಷ್ಟು ದೊಡ್ಡ ಹೊರೆಯನ್ನು ಒಬ್ಬರೇ ಹೊರಲಾರದೆ ಯುರೋಪಿನ ಕಂಪನಿಗಳ ಹತ್ತಿರ ಮರುವಿಮೆ ಮಾಡಿಸಿಕೊಳ್ಳುತ್ತವೆ. ಇರಾನಿನ ಎಣ್ಣೆ ಸಂಸ್ಕರಿಸುವ ರಿಫೈನರಿಯಲ್ಲಿ ಅನಾಹುತವಾದರೆ ನಾವು ಹಣ ಕೊಡುವುದಿಲ್ಲ ಎಂದು ಆ ಯುರೋಪಿನ ಕಂಪನಿಗಳು ಹೇಳಿಬಿಟ್ಟವು. ವಿಮೆ ಇಲ್ಲದೆ ರಿಫೈನರಿ ನಡೆಸುವ ಧೈರ್ಯ ಯಾರಿಗಿದೆ? ಕೆಲವು ತಿಂಗಳು ಇರಾನಿನ ಎಣ್ಣೆ ಇಲ್ಲಿಗೆ ಬರಲಿಲ್ಲ. ಆಗಸ್ಟ್ ಹೊತ್ತಿಗೆ ಮತ್ತೆ ಶುರುವಾಯಿತು.

ಯುರೋಪಿಗೆ ಮಂಗಳೂರಿನ ಮೇಲೆ ಸಿಟ್ಟೇನೂ ಇರಲಿಲ್ಲ. ಅವರ ಕಣ್ಣಿದ್ದದ್ದು ಇರಾನಿನ ನತಾಂಜ್ ಎಂಬ ಊರಿನ ಬಳಿ ನೆಲದಡಿ ತಿರುಗುತ್ತಿದ್ದ, ಬಾಂಬಿಗೂ ಆಗಬಲ್ಲ ಯುರೇನಿಯಂ ತಯಾರಿಸುವ ಯಂತ್ರಗಳ ಮೇಲೆ. ಆ ಯಂತ್ರ ನಿಲ್ಲಿಸಲು ಎಣ್ಣೆ ನಿಲ್ಲಿಸಬೇಕು, ಎಣ್ಣೆ ನಿಲ್ಲಿಸಲು ಬ್ಯಾಂಕು, ಹಡಗು, ವಿಮೆ ಎಲ್ಲವನ್ನೂ ಹಿಡಿಯಬೇಕು ಎನ್ನುವುದು ಲೆಕ್ಕಾಚಾರ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಬಾಂಬಿನ ಬಗ್ಗೆ ದೇಶಗಳು ಕೂತು ಮಾತಾಡುವಾಗ ಮೇಜಿನ ಮೇಲೆ ಇರುವುದು ಹೆಚ್ಚಾಗಿ ಎಣ್ಣೆ, ಗ್ಯಾಸ್, ಕರೆಂಟು ಮತ್ತು ರಿಯಾಕ್ಟರಿನ ಇಂಧನ. ಯಾರು ಯಾರಿಗೆ ಮಾರುತ್ತಾರೆ, ಕೊಟ್ಟ ಮಾತಿನಂತೆ ಪೂರೈಸುತ್ತಾರಾ ಎನ್ನುವ ನಂಬಿಕೆಯ ಪ್ರಶ್ನೆ. ಇರಾನಿನ ಕಥೆಯನ್ನು ಆ ಕಡೆಯಿಂದ ನೋಡೋಣ.

ಇರಾನಿನ ಅಣು ಕಥೆ ಶುರುವಾಗುವುದೇ ಎಣ್ಣೆಯಿಂದ. 1951ರಲ್ಲಿ ಅಲ್ಲಿನ ಪ್ರಧಾನಿ ಮೊಸದ್ದೆಗ್ ಬ್ರಿಟಿಷರ ಕೈಯಲ್ಲಿದ್ದ ತೈಲ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದರು. 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ ಸೇರಿ ಅವರನ್ನು ಕೆಳಗಿಳಿಸಿದವು. ದೊರೆ ಶಾ ಗಟ್ಟಿಯಾಗಿ ಕೂತರು. ಮುಂದೆ ನಾಲ್ಕೇ ವರ್ಷಕ್ಕೆ, 1957ರಲ್ಲಿ, ಅಮೆರಿಕ ಇದೇ ಇರಾನಿನ ಜೊತೆ ಅಣುಶಕ್ತಿ ಸಹಕಾರದ ಒಪ್ಪಂದ ಮಾಡಿಕೊಂಡಿತು. 1967ರಲ್ಲಿ ಟೆಹ್ರಾನಿನಲ್ಲಿ ಶುರುವಾದ 5 ಮೆಗಾವಾಟ್‌ನ ಸಂಶೋಧನಾ ರಿಯಾಕ್ಟರ್ ಅಮೆರಿಕ ಕೊಟ್ಟದ್ದು. ಅದರ ಇಂಧನವೂ ಅಮೆರಿಕದ್ದೇ. ಇವತ್ತಿನ ಜಗಳ ನೋಡಿದವರಿಗೆ ಇದನ್ನು ನಂಬುವುದೇ ಕಷ್ಟ, ಅಲ್ವಾ?

1973ರಲ್ಲಿ ಎಣ್ಣೆ ಬೆಲೆ ಏಕಾಏಕಿ ಏರಿದಾಗ ಶಾ ಕೈಗೆ ಹೇರಳ ಹಣ ಬಂತು. ಇಪ್ಪತ್ತು ವರ್ಷಗಳಲ್ಲಿ 23,000 ಮೆಗಾವಾಟ್ ಅಣು ವಿದ್ಯುತ್ ತಯಾರಿಸುತ್ತೇವೆ ಎಂದು ಅವರು ಘೋಷಿಸಿದರು. ನೆಲದ ತುಂಬ ಎಣ್ಣೆ ಇರುವ ದೇಶಕ್ಕೆ ರಿಯಾಕ್ಟರ್ ಯಾಕೆ ಎಂದು ಈಗ ಕೇಳುತ್ತಾರಲ್ಲ, ಆಗ ಪಾಶ್ಚಾತ್ಯ ಕಂಪನಿಗಳು ಹಾಗೆ ಕೇಳಲಿಲ್ಲ, ಮಾರಲು ಸಾಲುಗಟ್ಟಿದವು. ಬುಶಹರ್‌ನಲ್ಲಿ ಜರ್ಮನ್ ಕಂಪನಿ 1975ರಲ್ಲಿ ಕೆಲಸ ಶುರುಮಾಡಿತು.

ಆ ಕಾಲದ ಒಂದು ವ್ಯವಹಾರವನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಫ್ರಾನ್ಸಿನಲ್ಲಿ ಕೆಲವು ದೇಶಗಳು ಪಾಲು ಹಾಕಿ ಯೂರೋಡಿಫ್ ಎಂಬ ಯುರೇನಿಯಂ ಪುಷ್ಟೀಕರಣ ಕಾರ್ಖಾನೆ, ಅಂದರೆ ಯುರೇನಿಯಂ ಅನ್ನು ರಿಯಾಕ್ಟರಿನ ಇಂಧನಕ್ಕೆ ತಕ್ಕಂತೆ ಮಾಡುವ ಕಾರ್ಖಾನೆ ಕಟ್ಟುತ್ತಿದ್ದವು. ಇರಾನ್ ಅದಕ್ಕೆ 100 ಕೋಟಿ ಡಾಲರ್ ಸಾಲ ಕೊಟ್ಟಿತು. ಬದಲಿಗೆ ಅಲ್ಲಿ ತಯಾರಾಗುವ ಇಂಧನದಲ್ಲಿ ಶೇ 10 ಪಾಲು ಸಿಗಬೇಕಿತ್ತು. 1979ರಲ್ಲಿ ಕ್ರಾಂತಿಯಾಯಿತು, ಶಾ ಓಡಿಹೋದರು, ಹೊಸ ಸರ್ಕಾರ ಅಣು ಯೋಜನೆಗಳನ್ನು ಮೊದಲು ತಾನೇ ಕೈಬಿಟ್ಟಿತು. ಮುಂದೆ ಮನಸ್ಸು ಬದಲಿಸಿ ಪಾಲು ಕೇಳಿದಾಗ ಇಂಧನ ಸಿಗಲಿಲ್ಲ. ಹಣದ ಜಗಳ 1991ರವರೆಗೆ ಎಳೆಯಿತು. ಹಣ ಹಾಕಿದ್ದೆವು, ಪಾಲುದಾರರಾಗಿದ್ದೆವು, ಆದರೂ ಒಂದು ಗ್ರಾಂ ಯುರೇನಿಯಂ ಬರಲಿಲ್ಲ ಎನ್ನುವ ಮಾತನ್ನು ಇರಾನಿನ ಅಧಿಕಾರಿಗಳು ಮಾತುಕತೆಗಳಲ್ಲಿ ಮತ್ತೆ ಮತ್ತೆ ಎತ್ತಿದ್ದಾರೆ. ನಮ್ಮ ನೆಲದಲ್ಲೇ ಪುಷ್ಟೀಕರಣ ಮಾಡುತ್ತೇವೆ ಎಂಬ ಹಟದ ಬೇರು ಇಲ್ಲೂ ಇದೆ.

ಭಾರತೀಯರಾದ ನಮಗೆ ಈ ನೋವು ಹೊಸದಲ್ಲ. ತಾರಾಪುರದ ರಿಯಾಕ್ಟರುಗಳಿಗೆ ಇಂಧನ ಕೊಡುತ್ತೇವೆ ಎಂದು ಅಮೆರಿಕ 1963ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. 1974ರ ಮೇ ತಿಂಗಳಲ್ಲಿ ಪೋಖ್ರಾನ್ ಸ್ಫೋಟವಾಯಿತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಆ ತಂಡದ ಮುಂದಾಳು. ಅಮೆರಿಕ 1978ರಲ್ಲಿ ಹೊಸ ಕಾನೂನು ತಂದಿತು, ಇಂಧನ ನಿಂತಿತು. 1982ರಲ್ಲಿ ಫ್ರಾನ್ಸ್ ಕೈಹಿಡಿಯಿತು, ಆಮೇಲೆ ಚೀನಾ, ಆಮೇಲೆ ರಷ್ಯಾ. ನಮ್ಮ ಸ್ಫೋಟದ ಬೆನ್ನಲ್ಲೇ ಹುಟ್ಟಿದ್ದು ಅಣು ಪೂರೈಕೆದಾರರ ಗುಂಪು, ಅಂದರೆ ಎನ್‌ಎಸ್‌ಜಿ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕಲೇ ಇಲ್ಲ. ಇರಾನ್ ಸಹಿ ಹಾಕಿದೆ. ಹಾಗಾಗಿ ಅದು ತನಿಖಾಧಿಕಾರಿಗಳಿಗೆ ಬಾಗಿಲು ತೆರೆಯಲೇಬೇಕು.

ಆದರೆ ಇರಾನ್ ಮುಚ್ಚಿಟ್ಟಿತು. 2002ರಲ್ಲಿ ನತಾಂಜ್ ಬಯಲಾಯಿತು. 2009ರಲ್ಲಿ ಬೆಟ್ಟದೊಳಗೆ ಕೊರೆದು ಕಟ್ಟುತ್ತಿದ್ದ ಫೋರ್ಡೋ ಎಂಬ ಇನ್ನೊಂದು ಪುಷ್ಟೀಕರಣ ಕೇಂದ್ರ ಬಯಲಾಯಿತು. 2003ರ ಕೊನೆಯವರೆಗೆ ಅಲ್ಲಿ ಅಣ್ವಸ್ತ್ರಕ್ಕೆ ಸಂಬಂಧಿಸಿದ ಕೆಲಸ ಸಂಘಟಿತವಾಗಿ ನಡೆದಿತ್ತು ಎಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಅಂದರೆ ಐಎಇಎ, 2015ರಲ್ಲಿ ತನ್ನ ವರದಿಯಲ್ಲಿ ಹೇಳಿತು. ಇರಾನಿಗೆ ಆದ ಅನ್ಯಾಯ ನಿಜ. ಅದು ಮುಚ್ಚಿಟ್ಟದ್ದೂ ನಿಜ. ಇವೆರಡರಲ್ಲಿ ಒಂದನ್ನೇ ಹೇಳುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಈ ಪುಷ್ಟೀಕರಣ ಅಂದರೇನು, ಅದರಲ್ಲಿ ಶೇಕಡಾ ಲೆಕ್ಕಕ್ಕೆ ಇಷ್ಟು ಜಗಳ ಯಾಕೆ? ಇದು ಅರ್ಥವಾಗದೆ ಇರಾನಿನ ಸುದ್ದಿ ಓದಿದರೆ ತಲೆಬುಡ ತಿಳಿಯುವುದಿಲ್ಲ. ಗಣಿಯಿಂದ ಬಂದ ಯುರೇನಿಯಂನಲ್ಲಿ 1000 ಪರಮಾಣು ಎಣಿಸಿದರೆ ನಮಗೆ ಬೇಕಾದ 235 ಎಂಬ ಬಗೆ ಬರೀ 7. ಉಳಿದ 993 ಸ್ವಲ್ಪ ತೂಕ ಜಾಸ್ತಿ ಇರುವ 238. ಯುರೇನಿಯಂ ಅನ್ನು ಅನಿಲ ಮಾಡಿ, ಭಾರೀ ವೇಗದಲ್ಲಿ ತಿರುಗುವ ಉದ್ದನೆಯ ಕೊಳವೆಗೆ ಬಿಡುತ್ತಾರೆ. ಅದೇ ಸೆಂಟ್ರಿಫ್ಯೂಜ್. ತೂಕದ್ದು ಅಂಚಿಗೆ ಸರಿಯುತ್ತದೆ, ಹಗುರದ್ದು ನಡುವೆ ಉಳಿಯುತ್ತದೆ. ಕಣದಲ್ಲಿ ಭತ್ತ ತೂರಿ ಜೊಳ್ಳು ಬೇರೆ ಮಾಡಿದ ಹಾಗೆ, ಆದರೆ ಒಂದು ಸಲ ತೂರಿದರೆ ಸಾಲದು. ಸಾವಿರಾರು ಯಂತ್ರಗಳನ್ನು ಸಾಲಾಗಿ ಜೋಡಿಸಿ ಮತ್ತೆ ಮತ್ತೆ ತೂರಬೇಕು.

ಈಗ ಲೆಕ್ಕ ನೋಡಿ. ಆ 7 ಹಾಗೇ ಉಳಿಯುತ್ತವೆ ಎಂದಿಟ್ಟುಕೊಳ್ಳೋಣ. ವಿದ್ಯುತ್ ರಿಯಾಕ್ಟರಿಗೆ ಬೇಕಾದ ಶೇ 4ಕ್ಕೆ ಬರಲು 825 ಜೊಳ್ಳು ತೆಗೆಯಬೇಕು. ಉಳಿಯುವುದು 175. ಶೇ 20ಕ್ಕೆ ಹೋಗಲು ಇನ್ನು 140 ತೆಗೆದರೆ ಸಾಕು, 35 ಉಳಿಯುತ್ತವೆ. ಶೇ 60ಕ್ಕೆ ಇನ್ನೊಂದು 23. ಬಾಂಬಿಗೆ ಬೇಕಾಗುವ ಶೇ 90ಕ್ಕೆ? ಮತ್ತೆ ನಾಲ್ಕು ತೆಗೆದರೆ ಮುಗಿಯಿತು. ಅಂದರೆ ಕರೆಂಟಿಗೆಂದು ಇಂಧನ ತಯಾರಿಸುವಾಗಲೇ ದಾರಿಯ ಬಹುಭಾಗ ಸವೆದಿರುತ್ತದೆ. ಶೇ 60 ಮುಟ್ಟಿದವರು ಬಾಂಬಿನ ಹೊಸ್ತಿಲಲ್ಲಿ ನಿಂತಿರುತ್ತಾರೆ. ಯಂತ್ರ ಅದೇ, ಕೆಲಸಗಾರರೂ ಅವರೇ. ದೀಪಕ್ಕೋ ಬಾಂಬಿಗೋ ಎಂದು ಯಂತ್ರ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ದಿನವೂ ಒಳಗೆ ಹೋಗಿ ನೋಡುವ ಮನುಷ್ಯರು ಬೇಕು, ಕ್ಯಾಮೆರಾ ಬೇಕು, ಸೀಲು ಬೇಕು.

ಟೆಹ್ರಾನಿನ ಹಳೆಯ ರಿಯಾಕ್ಟರ್ ಇಲ್ಲಿ ಮತ್ತೆ ಬರುತ್ತದೆ. ಕ್ಯಾನ್ಸರ್ ಮುಂತಾದ ರೋಗಗಳ ಪರೀಕ್ಷೆ, ಚಿಕಿತ್ಸೆಗೆ ಬೇಕಾದ ಐಸೊಟೋಪುಗಳು ಅಲ್ಲಿ ತಯಾರಾಗುತ್ತವೆ. ಅದಕ್ಕೆ ಶೇ 20ರ ಇಂಧನ ಬೇಕು. ತೊಂಬತ್ತರ ದಶಕದಲ್ಲಿ ಅರ್ಜೆಂಟೀನಾ ಕೊಟ್ಟ ಇಂಧನ 2009ರ ಹೊತ್ತಿಗೆ ತೀರುತ್ತ ಬಂದಿತ್ತು. ನಿಮ್ಮಲ್ಲಿರುವ 1,200 ಕಿಲೋ ಕಡಿಮೆ ಮಟ್ಟದ ಯುರೇನಿಯಂ ಹೊರಗೆ ಕಳಿಸಿ, ನಾವು ರಿಯಾಕ್ಟರಿಗೆ ಇಂಧನ ಕೊಡುತ್ತೇವೆ ಎಂದು ದೊಡ್ಡ ದೇಶಗಳು ಹೇಳಿದವು. ಮೊದಲು ಯಾರು ಕೊಡಬೇಕು ಎನ್ನುವಲ್ಲಿ ಮಾತು ಮುರಿಯಿತು. ಯೂರೋಡಿಫ್ ನೆನಪಿದ್ದವರು ಮೊದಲು ಕೊಡುವುದಿಲ್ಲ, ನತಾಂಜ್ ನೆನಪಿದ್ದವರು ಕಾಯುವುದಿಲ್ಲ. 2010ರ ಫೆಬ್ರುವರಿಯಲ್ಲಿ ಇರಾನ್ ತಾನೇ ಶೇ 20ಕ್ಕೆ ಕೈಹಾಕಿತು. ಮೇ ತಿಂಗಳಲ್ಲಿ ಬ್ರೆಜಿಲ್ ಮತ್ತು ಟರ್ಕಿ ನಡುವೆ ಬಂದು ಅದೇ ಅದಲುಬದಲಿಗೆ ಇರಾನನ್ನು ಒಪ್ಪಿಸಿದವು. ಅಷ್ಟರಲ್ಲಿ ಇರಾನಿನ ದಾಸ್ತಾನು ಬೆಳೆದಿತ್ತು, ಈಗ 1,200 ಕಿಲೋ ಸಾಲದು ಎಂದಿತು ಅಮೆರಿಕ. ಜೂನ್‌ನಲ್ಲಿ ಭದ್ರತಾ ಮಂಡಳಿ ಹೊಸ ನಿರ್ಬಂಧ ಹೇರಿತು. ಬ್ರೆಜಿಲ್, ಟರ್ಕಿ ಎರಡೂ ವಿರುದ್ಧ ಮತ ಹಾಕಿದವು. ಆಸ್ಪತ್ರೆಗೆ ಬೇಕಾದ ಇಂಧನದ ಒಂದು ಸಣ್ಣ ವ್ಯವಹಾರ ಮುಗಿದಿದ್ದರೆ ಮುಂದಿನ ಎಷ್ಟೋ ಅನಾಹುತ ತಪ್ಪುತ್ತಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಭಾರತ ಈ ಹೊತ್ತಿನಲ್ಲಿ ಎಲ್ಲಿತ್ತು? 2005ರ ಜುಲೈನಲ್ಲಿ ಮನಮೋಹನ್ ಸಿಂಗ್ ಮತ್ತು ಬುಷ್ ಅಣು ಸಹಕಾರದ ಹೇಳಿಕೆ ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಐಎಇಎ ಆಡಳಿತ ಮಂಡಳಿಯಲ್ಲಿ ಭಾರತ ಇರಾನಿನ ವಿರುದ್ಧ ಮತ ಹಾಕಿತು. 2006ರ ಫೆಬ್ರುವರಿಯಲ್ಲಿ ಮತ್ತೊಮ್ಮೆ. ಆಗ ಇರಾನಿನಿಂದ ಪಾಕಿಸ್ತಾನದ ಮೂಲಕ ಭಾರತಕ್ಕೆ ಗ್ಯಾಸ್ ಪೈಪ್‌ಲೈನ್ ತರುವ ಮಾತು ನಡೆಯುತ್ತಿತ್ತು. ವರ್ಷಕ್ಕೆ 50 ಲಕ್ಷ ಟನ್ ದ್ರವೀಕೃತ ಗ್ಯಾಸ್ ಕೊಳ್ಳುವ ಒಪ್ಪಂದವೂ ಆಗಿತ್ತು. ಎರಡೂ ಕೈಗೂಡಲಿಲ್ಲ. ಬರೀ ಆ ಮತಗಳಿಂದ ಹೀಗಾಯಿತು ಎಂದರೆ ತಪ್ಪಾಗುತ್ತದೆ. ಬೆಲೆಯ ಚೌಕಾಶಿ ಇತ್ತು, ಪಾಕಿಸ್ತಾನದ ನೆಲದಲ್ಲಿ ಪೈಪ್ ಕಾಯುವವರು ಯಾರು ಎಂಬ ಭಯ ಇತ್ತು. ಆದರೆ ಮತಗಳೂ ತಮ್ಮ ಕೆಲಸ ಮಾಡಿದವು.

ಬದಲಿಗೆ ಸಿಕ್ಕಿದ್ದು 2008ರ ಸೆಪ್ಟೆಂಬರ್ 6ರಂದು, ಭಾರತ ಹೊರದೇಶಗಳಿಂದ ಅಣು ಇಂಧನ ಕೊಳ್ಳಬಹುದು ಎಂದು ಎನ್‌ಎಸ್‌ಜಿ ಕೊಟ್ಟ ರಿಯಾಯಿತಿ. ಇದರ ಫಲ ಉತ್ತರ ಕನ್ನಡದವರಿಗೆ ಗೊತ್ತು. ಆ ವರ್ಷಗಳಲ್ಲಿ ದೇಶದಲ್ಲಿ ಯುರೇನಿಯಂ ಕೊರತೆ. ರಿಯಾಕ್ಟರುಗಳು ಅರೆಹೊಟ್ಟೆಯಲ್ಲಿ ಓಡುತ್ತಿದ್ದವು, ಕೈಗಾದ ನಾಲ್ಕನೇ ಘಟಕ ಇಂಧನಕ್ಕೆ ಕಾಯುತ್ತಿತ್ತು. ರಿಯಾಯಿತಿ ಸಿಕ್ಕ ಮೇಲೆ ರಷ್ಯಾ, ಕಜಕಸ್ತಾನ್, ಕೆನಡಾದಿಂದ ಯುರೇನಿಯಂ ಬರತೊಡಗಿತು. ಅದನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟ ಘಟಕಗಳಲ್ಲಿ ಮಾತ್ರ ಬಳಸಬಹುದು. ಕೈಗಾ ಆ ಪಟ್ಟಿಯಲ್ಲಿ ಇಲ್ಲ. ಆದರೆ ಬೇರೆ ಘಟಕಗಳಿಗೆ ವಿದೇಶಿ ಇಂಧನ ಬಂದದ್ದರಿಂದ ನಮ್ಮ ನೆಲದ ಯುರೇನಿಯಂ ಮೇಲಿನ ಒತ್ತಡ ಇಳಿಯಿತು. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತಲ್ಲ, ಅದರಲ್ಲಿ ಅಲ್ಲಿನ ಎಂಜಿನಿಯರುಗಳ ದುಡಿಮೆ ದೊಡ್ಡದು. ಹಿಂದೆ ಈ ರಾಜತಾಂತ್ರಿಕ ಲೆಕ್ಕವೂ ಇತ್ತು. ನಮಗೆ ಕರೆಂಟು ಬಂತು. ಹಳೆಯ ಗೆಳೆಯ ಇರಾನಿನ ಜೊತೆಗಿನ ಸಲಿಗೆ ಸ್ವಲ್ಪ ಕಡಿಮೆಯಾಯಿತು.

ಎಣ್ಣೆ ಮಾತ್ರ ಕೊಳ್ಳುತ್ತಲೇ ಇದ್ದೆವು, ಕೊಳ್ಳುವ ದಾರಿ ಕಿರಿದಾಗುತ್ತಾ ಹೋಯಿತು. 2010ರ ಕೊನೆಗೆ ಹಳೆಯ ಪಾವತಿ ವ್ಯವಸ್ಥೆ ನಿಂತಿತು. ಆಮೇಲೆ ಜರ್ಮನಿಯ ಬ್ಯಾಂಕು, ಆಮೇಲೆ ಟರ್ಕಿಯ ಬ್ಯಾಂಕು. 2012ರಲ್ಲಿ ಯುರೋಪ್ ಇರಾನಿನ ಎಣ್ಣೆಯನ್ನೇ ನಿಷೇಧಿಸಿತು. ಆಗ ಶೇ 45 ಹಣವನ್ನು ಕೋಲ್ಕತ್ತದ ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಇಡುವ ಏರ್ಪಾಡಾಯಿತು. ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸ್ಮತಿ ಅಕ್ಕಿ, ಚಹಾ, ಔಷಧಿ ಕೊಂಡಿತು. ಪಂಜಾಬ್, ಹರಿಯಾಣದ ಅಕ್ಕಿ ವ್ಯಾಪಾರಿಗೆ ವಿಯೆನ್ನಾದ ಮಾತುಕತೆ ಮುಖ್ಯ ಸುದ್ದಿಯಾಯಿತು. ಉಳಿದ ಹಣ ಕಟ್ಟಲು ದಾರಿಯೇ ಇಲ್ಲದೆ ನೂರಾರು ಕೋಟಿ ಡಾಲರ್ ಬಾಕಿ ಬೆಳೆಯಿತು. ಇರಾನಿನ ಮಾರಾಟ ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್‌ನಿಂದ ಅರ್ಧಕ್ಕೂ ಕೆಳಗೆ ಬಿತ್ತು. ಅಲ್ಲಿನ ಸಾಮಾನ್ಯರ ಬದುಕು ಹೈರಾಣಾಯಿತು. ಆದರೆ ನತಾಂಜ್‌ನ ಯಂತ್ರಗಳು ನಿಲ್ಲಲಿಲ್ಲ, ಅವುಗಳ ಸಂಖ್ಯೆ ಜಾಸ್ತಿಯಾಯಿತು. ನಿರ್ಬಂಧದಿಂದ ಇರಾನ್ ಮೇಜಿಗೆ ಬಂತು ಎಂಬುದು ಒಂದು ವಾದ. ಒಪ್ಪುತ್ತೇನೆ. ಆದರೆ ಅಮೆರಿಕವೂ ಪುಷ್ಟೀಕರಣ ಸೊನ್ನೆಯಾಗಬೇಕು ಎಂಬ ಪಟ್ಟು ಸಡಿಲಿಸಿದ ಮೇಲೆಯೇ ಮಾತು ಮುಂದುವರಿದದ್ದು. ಆ ಗುಟ್ಟಿನ ಮಾತುಕತೆಗೆ ಮನೆ ಕೊಟ್ಟದ್ದು ಒಮಾನ್.

2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನ್ ಮತ್ತು ದೊಡ್ಡ ದೇಶಗಳ ನಡುವೆ ಅಣು ಒಪ್ಪಂದವಾಯಿತು. ಎರಡೂ ದೇಶಗಳ ವಿದೇಶಾಂಗ ಸಚಿವರಾಗಿದ್ದ ಅಮೆರಿಕದ ಕೆರ್ರಿ ಮತ್ತು ಇರಾನಿನ ಝರೀಫ್ ಅವರ ಫೋಟೋಗಳನ್ನು ನೀವು ನೋಡಿರಬಹುದು. ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು ಜೋಡಿ. ಅಮೆರಿಕದ ಕಡೆಯಿಂದ ಇಂಧನ ಸಚಿವ ಅರ್ನೆಸ್ಟ್ ಮೊನಿಝ್, ಇರಾನ್ ಕಡೆಯಿಂದ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಅಲಿ ಅಕ್ಬರ್ ಸಾಲೇಹಿ. ಮೊನಿಝ್ ಅಮೆರಿಕದ ಎಂಐಟಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಸಾಲೇಹಿ ಎಪ್ಪತ್ತರ ದಶಕದಲ್ಲಿ ಅದೇ ಎಂಐಟಿಯಲ್ಲಿ ಪಿಎಚ್.ಡಿ. ಮಾಡಿದವರು. ಎಷ್ಟು ಯಂತ್ರ, ಎಷ್ಟು ಕಿಲೋ, ಎಷ್ಟು ಶೇಕಡಾ ಎಂದು ಲೆಕ್ಕ ಹಾಕಿದ್ದು ಇವರು. ಸುಮಾರು 19,000 ಇದ್ದ ಸೆಂಟ್ರಿಫ್ಯೂಜ್ 6,104ಕ್ಕೆ ಇಳಿಯಿತು. ಶೇ 3.67ರ ಮಿತಿ ಬಿತ್ತು. ದಾಸ್ತಾನು 300 ಕಿಲೋ ಮೀರಬಾರದು. ಅದೇ ವರ್ಷದ ಡಿಸೆಂಬರ್‌ನಲ್ಲಿ 11 ಟನ್‌ಗೂ ಜಾಸ್ತಿ ಯುರೇನಿಯಂ ಹಡಗೇರಿ ರಷ್ಯಾಕ್ಕೆ ಹೋಯಿತು. ಬದಲಿಗೆ ಇರಾನಿನ ಎಣ್ಣೆಗೆ ಮಾರುಕಟ್ಟೆ ತೆರೆಯಿತು. ಇಲ್ಲೇ ಪೆರ್ಮುದೆಯ ಬಂಡೆಯಡಿ ಕೊರೆದ ಭೂಗತ ತೈಲ ಸಂಗ್ರಹಾಗಾರಕ್ಕೂ ಇರಾನಿನ ಎಣ್ಣೆ ಬಂತು.

2018ರ ಮೇ 8ರಂದು ಟ್ರಂಪ್ ಈ ಒಪ್ಪಂದದಿಂದ ಹೊರನಡೆದರು. ಇರಾನ್ ಷರತ್ತು ಪಾಲಿಸುತ್ತಿದೆ ಎಂದು ಐಎಇಎ ವರದಿ ಮೇಲೆ ವರದಿ ಕೊಟ್ಟಿತ್ತು. ಒಪ್ಪಂದದಲ್ಲಿ ಕೊರತೆಗಳಿದ್ದವು. ಕೆಲವು ಮಿತಿಗಳಿಗೆ ಗಡುವು ಇತ್ತು, ಕ್ಷಿಪಣಿಗಳ ಮಾತೇ ಇರಲಿಲ್ಲ. ಆದರೂ ಆ ದಿನದ ನಿರ್ಧಾರ ಈ ಶತಮಾನದ ದೊಡ್ಡ ರಾಜತಾಂತ್ರಿಕ ತಪ್ಪುಗಳಲ್ಲಿ ಒಂದು ಎಂಬುದು ನನ್ನ ಖಚಿತ ಅಭಿಪ್ರಾಯ. ಇರಾನಿನ ಎಣ್ಣೆಯ ಮೇಲೆ ಅಮೆರಿಕದ ನಿರ್ಬಂಧ ಮರಳಿತು. ಭಾರತ ಸೇರಿ ಎಂಟು ಕಡೆಯ ಗಿರಾಕಿಗಳಿಗೆ ಆರು ತಿಂಗಳ ವಿನಾಯಿತಿ ಸಿಕ್ಕಿತು. 2019ರ ಮೇ ತಿಂಗಳಲ್ಲಿ ಅದೂ ಮುಗಿಯಿತು. ಭಾರತ ಇರಾನಿನಿಂದ ಎಣ್ಣೆ ಕೊಳ್ಳುವುದನ್ನು ಪೂರ್ತಿ ನಿಲ್ಲಿಸಿತು. ಇರಾನ್ ಮೆಟ್ಟಿಲು ಮೆಟ್ಟಿಲಾಗಿ ಮಿತಿ ದಾಟಿ 2021ರ ಏಪ್ರಿಲ್‌ನಲ್ಲಿ ಶೇ 60 ಮುಟ್ಟಿತು.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಸಾರಿದಾಗ ಯುರೋಪ್ ಹಡಗಿನಲ್ಲಿ ಬರುವ ರಷ್ಯಾ ಎಣ್ಣೆಯನ್ನು ನಿಷೇಧಿಸಿತು. ಆದರೆ ರಷ್ಯಾದ ಅಣು ಇಂಧನವನ್ನು ಮುಟ್ಟಲಿಲ್ಲ. ಹಂಗೇರಿ, ಸ್ಲೊವಾಕಿಯಾ ಮುಂತಾದ ದೇಶಗಳ ರಿಯಾಕ್ಟರುಗಳು ರಷ್ಯಾ ವಿನ್ಯಾಸದವು, ಅವಕ್ಕೆ ಇಂಧನವೂ ಆಗ ಅಲ್ಲಿಂದಲೇ ಬರುತ್ತಿತ್ತು. ಅಮೆರಿಕ 2024ರಲ್ಲಿ ರಷ್ಯಾದ ಪುಷ್ಟೀಕರಿಸಿದ ಯುರೇನಿಯಂ ನಿಷೇಧಿಸುವ ಕಾನೂನು ತಂದಿತು, ಆದರೆ 2027ರವರೆಗೆ ವಿನಾಯಿತಿಗೆ ಅವಕಾಶ ಇಟ್ಟುಕೊಂಡಿತು. ಅವರ ಅಗತ್ಯಕ್ಕೆ ವಿನಾಯಿತಿ ಇದೆ. ನಾವು ರಷ್ಯಾ ಎಣ್ಣೆ ಕೊಂಡಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಹೆಚ್ಚುವರಿ ಶೇ 25 ಸುಂಕ ಬಿತ್ತು. ಬೇಕಾಗುವ ಎಣ್ಣೆಯಲ್ಲಿ ಶೇ 85ಕ್ಕೂ ಜಾಸ್ತಿ ಹೊರಗಿನಿಂದ ತರುವ ದೇಶ ನಮ್ಮದು. ಇಂಥ ಅಳತೆಗೋಲನ್ನು ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ.

2025ರ ಜೂನ್‌ಗೆ ಬರೋಣ. ಒಮಾನ್ ಮತ್ತೆ ನಡುವೆ ನಿಂತು ಅಮೆರಿಕ ಮತ್ತು ಇರಾನ್ ನಡುವೆ ಐದು ಸುತ್ತು ಮಾತುಕತೆ ನಡೆಸಿತ್ತು. ಆಗ ಓಡಾಡಿದ ಒಂದು ಆಲೋಚನೆ ಏನು ಗೊತ್ತೇ? ಆ ಭಾಗದ ದೇಶಗಳೆಲ್ಲ ಪಾಲು ಹಾಕಿ ಒಂದು ಜಂಟಿ ಪುಷ್ಟೀಕರಣ ಕೇಂದ್ರ ಕಟ್ಟುವುದು. ಹೌದು, ಇನ್ನೊಂದು ಯೂರೋಡಿಫ್. ಅದು ಇರಾನಿನ ನೆಲದಲ್ಲಿ ಬೇಡ ಎಂದಿತು ಅಮೆರಿಕ. ನಮ್ಮ ನೆಲದಲ್ಲೇ ಆಗಬೇಕು ಎಂದಿತು ಇರಾನ್. ಆರನೇ ಸುತ್ತು ಜೂನ್ 15ರಂದು ಮಸ್ಕತ್‌ನಲ್ಲಿ ನಡೆಯಬೇಕಿತ್ತು. 13ರಂದು ಇಸ್ರೇಲ್ ದಾಳಿ ಮಾಡಿತು. 22ರಂದು ಅಮೆರಿಕ ಫೋರ್ಡೋ, ನತಾಂಜ್, ಇಸ್ಫಹಾನ್ ಮೇಲೆ ಬಾಂಬ್ ಹಾಕಿತು.

ಯುದ್ಧ ನಡೆದ ಆ ಹನ್ನೆರಡು ದಿನ ಜಗತ್ತು ಒಂದು ಕಣ್ಣು ಫೋರ್ಡೋ ಮೇಲೆ, ಇನ್ನೊಂದು ಕಣ್ಣು ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಜಲಸಂಧಿಯ ಮೇಲೆ ಇಟ್ಟಿತ್ತು. ಅದರ ಅತಿ ಕಿರಿದಾದ ಜಾಗ ಸುಮಾರು 33 ಕಿಲೋಮೀಟರ್. ಜಗತ್ತು ಬಳಸುವ ಎಣ್ಣೆಯಲ್ಲಿ ಐದನೇ ಒಂದು ಭಾಗದಷ್ಟು ಅಲ್ಲಿಂದ ಹೊರಬರುತ್ತಿತ್ತು. ಜಗತ್ತಿನ ಮಾರುಕಟ್ಟೆಗೆ ಅಳತೆಗೋಲಾದ ಬ್ರೆಂಟ್ ಎಣ್ಣೆಯ ಬೆಲೆ ಒಂದು ಹಂತದಲ್ಲಿ ಬ್ಯಾರೆಲ್‌ಗೆ 80 ಡಾಲರ್ ದಾಟಿತು. ಕದನವಿರಾಮ ಘೋಷಣೆಯಾದ ಬೆನ್ನಲ್ಲೇ 70ರ ಕೆಳಗಿಳಿಯಿತು. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಚಿಂತೆ ಬೆಲೆಯದಾಗಿರಲಿಲ್ಲ. ಗಲ್ಫ್‌ನಲ್ಲಿರುವ ಮಗನ ಫೋನ್ ಬಂತಾ ಎನ್ನುವುದಾಗಿತ್ತು. ಇರಾನ್ ಕತಾರಿನ ಅಮೆರಿಕ ನೆಲೆಯತ್ತ ಕ್ಷಿಪಣಿ ಬಿಟ್ಟ ರಾತ್ರಿ ಆ ಭಾಗದ ವಿಮಾನ ಹಾರಾಟವೇ ನಿಂತಿತ್ತು.

ಬಾಂಬಿನಿಂದ ಯಂತ್ರಗಳು ಹಾಳಾದವು, ಅದರಲ್ಲಿ ಅನುಮಾನವಿಲ್ಲ. ಆದರೆ ದಾಳಿಗೆ ಮುಂಚೆ ಇರಾನಿನ ಹತ್ತಿರ ಶೇ 60ರ ಯುರೇನಿಯಂ 440 ಕಿಲೋ ಇತ್ತು ಎಂದು ಐಎಇಎ ಲೆಕ್ಕ ಕೊಟ್ಟಿದೆ. ಇದನ್ನು ಇನ್ನಷ್ಟು ಪುಷ್ಟೀಕರಿಸಿದರೆ ಸುಮಾರು 42 ಕಿಲೋಗೆ ಒಂದರಂತೆ ಬಾಂಬ್ ಆಗಬಹುದು ಎನ್ನುವುದು ಅದರ ಅಳತೆ. ಒಪ್ಪಂದ ಉಳಿದಿದ್ದರೆ ಈ 440 ಕಿಲೋ ಇರುತ್ತಲೇ ಇರಲಿಲ್ಲ. ಜುಲೈನಲ್ಲಿ ಇರಾನ್ ಕಾನೂನು ಮಾಡಿ ಐಎಇಎ ಜೊತೆಗಿನ ಸಹಕಾರವನ್ನು ತಡೆಹಿಡಿಯಿತು. ಸೆಪ್ಟೆಂಬರ್ 28ರಂದು ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ಮರಳಿ ಜಾರಿಗೆ ಬಂದವು.

ಮಾತಿನ ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು: ಸರ್, ಇದರಲ್ಲಿ ಭಾರತ ಏನು ಮಾಡಲು ಸಾಧ್ಯ? ನನ್ನ ಉತ್ತರವನ್ನು ಇಲ್ಲೂ ಬರೆಯುತ್ತೇನೆ. ಇಸ್ರೇಲ್ ದಾಳಿಯನ್ನು ಖಂಡಿಸಿದ ಶಾಂಘೈ ಸಹಕಾರ ಸಂಘಟನೆಯ ಹೇಳಿಕೆಯಿಂದ ಜೂನ್‌ನಲ್ಲಿ ಭಾರತ ದೂರ ನಿಂತಿತು. ಜುಲೈನಲ್ಲಿ ರಿಯೊದಲ್ಲಿ ಇರಾನ್ ಮೇಲಿನ ದಾಳಿ ಖಂಡಿಸಿದ ಬ್ರಿಕ್ಸ್ ಹೇಳಿಕೆಗೆ ಜೊತೆಯಾಯಿತು. ಇಸ್ರೇಲ್, ಇರಾನ್, ಅಮೆರಿಕ, ರಷ್ಯಾ, ಒಮಾನ್ ಎಲ್ಲರ ಜೊತೆಗೂ ಮಾತಾಡಬಲ್ಲ ದೇಶಗಳು ತೀರಾ ಕಡಿಮೆ. ನಾವು ಅವುಗಳಲ್ಲಿ ಒಂದು. ಇಂಧನ ನಿಂತಾಗ ಏನಾಗುತ್ತದೆ ಎಂದು ತಾರಾಪುರದಲ್ಲಿ ಅನುಭವಿಸಿದವರು ನಾವು. ತಪಾಸಣೆಗೆ ಒಪ್ಪಿದರೆ ಏನು ಸಿಗುತ್ತದೆ ಎಂದು 2008ರ ನಂತರ ಕಂಡವರೂ ನಾವೇ. ಆದ್ದರಿಂದ ದೆಹಲಿ ವಿಯೆನ್ನಾದಲ್ಲಿ ಎರಡು ವಿಷಯವನ್ನು ಒಟ್ಟಿಗೆ ಕೇಳಬೇಕು. ಐಎಇಎ ತನಿಖಾಧಿಕಾರಿಗಳು ಆ 440 ಕಿಲೋ ಇರುವಲ್ಲಿಗೆ ಹೋಗಬೇಕು. ಅದಕ್ಕೆ ಬದಲಾಗಿ ಇರಾನಿಗೆ ಬರುವ ರಿಯಾಕ್ಟರ್ ಇಂಧನ ಮತ್ತು ಅದು ಮಾರುವ ಎಣ್ಣೆಗೆ, ಒಂದು ಸರ್ಕಾರ ಬದಲಾದ ಮಾತ್ರಕ್ಕೆ ಮುರಿಯದ, ಲಿಖಿತ ಖಾತರಿ ಬೇಕು. 2015ರಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.